ಕೂಸಿನ ಜ್ವರಕ್ಕೆ ಎಷ್ಟು ಔಷಧಿ?

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದು ವಾಸ್ಕೊ, ಮಡಗಾಂವ, ಮಾಪ್ಸಾಗಳಲ್ಲಿ ಸಂಸಾರ ಹೂಡಿರುವ ತಾಯಂದಿರಿಗೆ ಇಂದಿನ ಈ ಮಾತು.

ನಡುರಾತ್ರಿ. ಕೂಸಿನ ಮೈ ಕೆಂಡದಂತೆ ಸುಡುತ್ತಿದೆ. ಅತ್ತೆ, ಅವ್ವ ಎಲ್ಲರೂ ಊರಲ್ಲಿ. ಫಾರ್ಮಸಿಯವನು ಕೊಂಕಣಿಯಲ್ಲೋ ಹಿಂದಿಯಲ್ಲೋ ಹೇಳಿದ್ದು ಅರ್ಧ ತಿಳಿದಿತ್ತು, ಅರ್ಧ ಇಲ್ಲ. ಬಾಟಲಿಯ ಮೇಲಿನ ಅಕ್ಷರವೆಲ್ಲ ಇಂಗ್ಲಿಷ್. ಕೊನೆಗೆ ಅಂದಾಜಿನ ಮೇಲೆ ಒಂದು ಚಮಚೆ ಕುಡಿಸುತ್ತೀರಿ. ಆ ಅಂದಾಜಿನ ಚಮಚೆಯೇ ನನ್ನ ಚಿಂತೆ.

ಜ್ವರಕ್ಕೂ ನೋವಿಗೂ ಕೊಡುವ ಪ್ಯಾರಾಸಿಟಮಾಲ್ ಒಳ್ಳೆಯ ಔಷಧಿಯೇ. ಆದರೆ ಅಂಗಡಿಯಲ್ಲಿ ಅದು ಒಂದೇ ಬಗೆಯಲ್ಲಿ ಸಿಗುವುದಿಲ್ಲ. ಒಂದು ಸಿರಪ್‌ನ 5 ಮಿಲಿಲೀಟರ್‌ನಲ್ಲಿ 125 ಮಿಲಿಗ್ರಾಂ ಔಷಧಿ ಇದ್ದರೆ, ಇನ್ನೊಂದರಲ್ಲಿ 250. ಹಸುಗೂಸುಗಳಿಗೆಂದು ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಮಿಲಿಲೀಟರ್‌ಗೆ 100 ಮಿಲಿಗ್ರಾಂ. ಬಾಟಲಿ ಚಿಕ್ಕದು, ಕೂಸೂ ಚಿಕ್ಕದು, ಆದ್ದರಿಂದ ಔಷಧಿಯೂ ಸೌಮ್ಯ ಎಂದು ನಾವು ತಿಳಿಯುತ್ತೇವೆ. ಆದರೆ ಮೂರರಲ್ಲಿ ಅದೇ ಎಲ್ಲಕ್ಕಿಂತ ಕಡಕ್. ಚಹಾದಲ್ಲಿ ತೆಳು, ಕಡಕ್ ಇರುವಂತೆಯೇ ಇದು. ಕಪ್ಪು ಒಂದೇ, ಪುಡಿ ಬೇರೆ.

ಲೆಕ್ಕ ಹೀಗಿದೆ. ಮಗುವಿನ ತೂಕದ ಒಂದೊಂದು ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. 10 ಕಿಲೋ ತೂಗುವ ಮಗುವಿಗೆ 125ರ ಸಿರಪ್ ಆದರೆ 5 ಮಿಲಿಲೀಟರ್, 250ರದಾದರೆ ಎರಡೂವರೆ, ಡ್ರಾಪ್ಸ್ ಆದರೆ ಒಂದಕ್ಕಿಂತ ತುಸು ಹೆಚ್ಚು. ಸಿರಪ್ ಎಂದು ತಿಳಿದು ಡ್ರಾಪ್ಸನ್ನೇ 5 ಮಿಲಿಲೀಟರ್ ಕುಡಿಸಿದರೆ 500 ಮಿಲಿಗ್ರಾಂ ಹೊಟ್ಟೆಗೆ ಹೋಯಿತು, ಅಂದರೆ ನಾಲ್ಕು ಪಟ್ಟು! ವಯಸ್ಸಿಗಿಂತ ತೂಕ ಮುಖ್ಯ. ಅಂಗನವಾಡಿಯಲ್ಲಿ ತೂಗಿಸಿ ನೆನಪಿಡಿ. ಅಡಿಗೆಮನೆಯ ಚಮಚೆ ಬೇಡ. ಬಾಟಲಿಯ ಜೊತೆ ಬರುವ ಗೆರೆಯ ಮುಚ್ಚಳ ಅಥವಾ ಪಿಚಕಾರಿಯನ್ನೇ ಬಳಸಿರಿ. ಅಂಗಡಿಯಲ್ಲೇ ಅದನ್ನು ಮುಂದೆ ಹಿಡಿದು, "ಎಲ್ಲಿಯವರೆಗೆ? ಪೆನ್ನಿನಿಂದ ಗೆರೆ ಹಾಕಿಕೊಡಿ" ಎನ್ನಿ. ಕೇಳಲು ನಾಚಿಕೆ ಏಕೆ?

ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ನಾಲ್ಕರಿಂದ ಆರು ಗಂಟೆ ಬಿಡಬೇಕು. ದಿನಕ್ಕೆ ನಾಲ್ಕು ಸಲ ಮೀರಬಾರದು. ನೀವು ಕಟ್ಟಡದ ಕೆಲಸಕ್ಕೆ ಹೋದಾಗ ಹಿರಿ ಮಗಳೋ ಪಕ್ಕದ ಮನೆಯಾಕೆಯೋ ಇನ್ನೊಮ್ಮೆ ಕೊಟ್ಟಿರುತ್ತಾರೆ. ಆದ್ದರಿಂದ ಕೊಟ್ಟಾಗಲೆಲ್ಲ ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ.

ನೆಗಡಿಯ ಸಿರಪ್ಪುಗಳಲ್ಲೂ ಎಷ್ಟೋ ಸಲ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ಕೊಟ್ಟರೆ ಲೆಕ್ಕ ತಪ್ಪಿತು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಮಕ್ಕಳ ಜೀವ ತೆಗೆದದ್ದೂ ಇಂಥ ಒಂದು ನೆಗಡಿ-ಕೆಮ್ಮಿನ ಸಿರಪ್ಪೇ; ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು. ವೈದ್ಯರು ಹೇಳದೆ ಇವನ್ನು ಕೊಳ್ಳಬೇಡಿ. ನಿಮೆಸುಲೈಡ್ ಹನ್ನೆರಡು ವರ್ಷದೊಳಗಿನವರಿಗೆ 2011ರಿಂದಲೇ ನಿಷಿದ್ಧ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ಮಳೆಗಾಲದ ಜ್ವರ ಡೆಂಗಿ ಇರಬಹುದು; ಆಗ ಐಬುಪ್ರೊಫೆನ್ ರಕ್ತಸ್ರಾವಕ್ಕೆ ದಾರಿ ಮಾಡೀತು. ಪ್ಯಾರಾಸಿಟಮಾಲ್ ಕೂಡ ಜ್ವರ ಇಳಿಸುತ್ತದೆಯೇ ಹೊರತು ಡೆಂಗಿ, ಮಲೇರಿಯಾಗಳನ್ನು ವಾಸಿಮಾಡದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ.

ನಮ್ಮ ಕಡೆ ಕೆಲವರು ಇಂದಿಗೂ ಊದುಬತ್ತಿಯಿಂದ ಕೂಸಿಗೆ ಬರೆ ಹಾಕುತ್ತಾರೆ. ಜ್ವರದ ಮೇಲೆ ಸುಟ್ಟ ಗಾಯ, ಅಷ್ಟೇ. ತೆಳ್ಳಗಿನ ಬಟ್ಟೆ ಹಾಕಿ, ಎದೆಹಾಲು ಕುಡಿಸುತ್ತಿರಿ.

ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಜ್ವರವಿದ್ದರೆ ಮನೆಯಲ್ಲಿ ಔಷಧಿ ಬೇಡ, ಆಗಲೇ ಆಸ್ಪತ್ರೆ. ಲಸಿಕೆಯ ಜ್ವರಕ್ಕೆ ಸಿಸ್ಟರ್ ಹೇಳಿದಷ್ಟೇ ಕೊಡಿರಿ. ಜ್ವರ ಮರುದಿನಕ್ಕೂ ಉಳಿದರೆ ಕರೆದುಕೊಂಡು ಹೋಗಿ. ಯಾವ ವಯಸ್ಸಿನ ಮಗುವೇ ಇರಲಿ, ಫಿಟ್ಸ್ ಬಂದರೆ, ಉಸಿರು ಕಟ್ಟಿದರೆ, ಹಾಲು-ನೀರು ಬಿಟ್ಟರೆ ತಡಮಾಡಬೇಡಿ.

ಅಳತೆ ಮೀರಿತೆಂಬ ಸಂಶಯ ಬಂದರೂ ಹಾಗೆಯೇ. ಮೊದಲ ದಿನ ಮಗು ಆಡಿಕೊಂಡೇ ಇರುತ್ತದೆ. ಯಕೃತ್ತು ಒಳಗೊಳಗೇ ಹಾಳಾಗುತ್ತಿರುತ್ತದೆ. ಇದಕ್ಕೆ ಪ್ರತ್ಯೌಷಧಿ ಇದೆ, ಎಂಟು ಗಂಟೆಯೊಳಗೆ ಸಿಕ್ಕರೆ ಉತ್ತಮ. 108ಕ್ಕೆ ಫೋನ್ ಮಾಡಿ. ಬಾಂಬೋಳಿಯ ಮೆಡಿಕಲ್ ಕಾಲೇಜಿಗೇ ಹೋಗಲಿ, ಹತ್ತಿರದ ಆಸ್ಪತ್ರೆಗೇ ಹೋಗಲಿ, ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ. ನಿಮಗೆ ಹೇಳಲು ಬಾರದ ಭಾಷೆಯಲ್ಲಿ ಅದು ಡಾಕ್ಟರಿಗೆ ಎಲ್ಲವನ್ನೂ ಹೇಳುತ್ತದೆ.