ದುಡಿದ ಎಂಜಿನ್, ಕುಳಿತ ಎಂಜಿನ್

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಲ್ಲು ವಯಸ್ಸನ್ನು ಹೇಳುತ್ತದೆ, ನಿಜ. ಆದರೆ ಹಲ್ಲನ್ನಷ್ಟೇ ನೋಡಿ ಹಣ ಎಣಿಸಿದವನನ್ನು ಯಾರೂ ಜಾಣನೆನ್ನುವುದಿಲ್ಲ. ನಾಲ್ಕು ಹೆಜ್ಜೆ ನಡೆಸಿ, ಗೊರಸು ನೋಡಿ, ಹೆಗಲು ಮುಟ್ಟಿ, ಯಾರ ಕೊಟ್ಟಿಗೆಯಲ್ಲಿ ಬೆಳೆದದ್ದೆಂದು ವಿಚಾರಿಸಿದ ಮೇಲೆಯೇ ವ್ಯಾಪಾರ. ಇಂದು ನಾನು ಹೇಳಹೊರಟಿರುವುದು ಎತ್ತಿನ ವಿಷಯವಲ್ಲ, ವಿಮಾನದ ವಿಷಯ. ಅದರಲ್ಲಿಯೂ ಒಬ್ಬರು ಮನೆಯಲ್ಲಿ ಕಟ್ಟಿ, ಹಾರಿಸಿ, ಇನ್ನೊಬ್ಬರಿಗೆ ಮಾರುವ, ಬಹಳ ದುಡಿದ ಎಂಜಿನ್ನಿನ ವಿಮಾನ. ಕನ್ನಡದ ಅಧ್ಯಾಪಕನಿಗೆ ಇದರ ಗೊಡವೆ ಏಕೆಂದು ತಾವು ಕೇಳಬಹುದು. ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ಮನೆಯಲ್ಲಿ ವಿಮಾನ ಕಟ್ಟುವುದು ಅಮೆರಿಕದಲ್ಲಿ ಬಹುಕಾಲದಿಂದ ಬೆಳೆದು ಬಂದ ಹವ್ಯಾಸ. ೧೯೫೩ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಇಂಥ ಹವ್ಯಾಸಿಗಳ ಸಂಘವನ್ನು ಸ್ಥಾಪಿಸಿದರು. ೧೯೭೦ರಿಂದ ಅದರ ವಾರ್ಷಿಕ ಮೇಳ ಅದೇ ರಾಜ್ಯದ ಆಶ್‌ಕಾಶ್‌ನಲ್ಲಿ ನಡೆಯುತ್ತಿದೆ. ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಿಯೇ, ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ, ಕಟ್ಟಿರಬೇಕೆಂಬುದು ಅಲ್ಲಿನ ಕಾನೂನು. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ೧೯೭೩ರಲ್ಲಿ ಆರಂಭಿಸಿದ ಸಂಸ್ಥೆಯ ಬಿಡಿಭಾಗಗಳಿಂದಲೇ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಸಿದ್ಧವಾಗಿ ಹಾರಿವೆ. ಕಟ್ಟಿದವನಿಗೆ ವಯಸ್ಸಾಗುತ್ತದೆ, ಕಣ್ಣು ಮಂಜಾಗುತ್ತದೆ. ವಿಮಾನ ಮಾರಾಟಕ್ಕೆ ಬರುತ್ತದೆ. ಕಟ್ಟಿದವನು ತನ್ನ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ಮಾಡುವ ಅರ್ಹತಾಪತ್ರವನ್ನು ಪಡೆಯಬಹುದು. ಆದರೆ ಆ ಪತ್ರ ವಿಮಾನದೊಡನೆ ಕೊಂಡವನ ಕೈ ಸೇರುವುದಿಲ್ಲ; ಕಟ್ಟಿದವನ ತಿಳಿವಳಿಕೆಯೂ ಸೇರುವುದಿಲ್ಲ.

ಇದು ಬರಿಯ ಮಾತಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಲಿ ೨೦೧೧ರ ಅಪಘಾತಗಳನ್ನು ಪರಿಶೀಲಿಸಿ ೨೦೧೨ರಲ್ಲಿ ಒಂದು ವರದಿಯನ್ನು ಕೊಟ್ಟಿತು. ಅಪಘಾತಕ್ಕೊಳಗಾದ ಮನೆಕಟ್ಟಿನ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಕಟ್ಟಿದವರಿಂದಲೋ ಇತರರಿಂದಲೋ ಕೊಂಡವು. ಎಂಜಿನ್ ಕೈಕೊಡುವುದು, ಹಾರಾಟದಲ್ಲಿ ಹತೋಟಿ ತಪ್ಪುವುದು, ಇವೆರಡೇ ಮುಖ್ಯವಾಗಿ ಕಂಡುಬಂದ ಬಗೆಗಳು. ಗಾಯಕ ಜಾನ್ ಡೆನ್ವರ್ ೧೯೯೭ರ ಅಕ್ಟೋಬರ್ ೧೨ರಂದು ಕ್ಯಾಲಿಫೋರ್ನಿಯದ ಮಾಂಟೆರೇ ಕೊಲ್ಲಿಯಲ್ಲಿ ಮಡಿದದ್ದು ಆಗತಾನೇ ಕೊಂಡ ಇಂಥದೊಂದು ವಿಮಾನದಲ್ಲಿ. ಇಂಧನದ ಕೀಲಿ ಮೂಲ ನಕ್ಷೆಯಲ್ಲಿ ಚಾಲಕನ ಕಾಲುಗಳ ನಡುವೆ ಇತ್ತು. ಕಟ್ಟಿದವರು ಅದನ್ನು ಚಾಲಕನ ಎಡಭುಜದ ಹಿಂದೆ ಇರಿಸಿದ್ದರು. ಎಂಜಿನ್ ಎಷ್ಟು ಗಂಟೆ ದುಡಿದಿತ್ತೆಂಬ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ.

ಆದರೂ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಅದೇ: ಎಂಜಿನ್ ಎಷ್ಟು ಗಂಟೆ ಓಡಿದೆ? ಇಂಥ ವಿಮಾನಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಲೈಕಮಿಂಗ್ ಸಂಸ್ಥೆಯ ನಾಲ್ಕು ಸಿಲಿಂಡರಿನ ಎಂಜಿನ್. ಎರಡು ಸಾವಿರ ಗಂಟೆ ಓಡಿದ ಮೇಲೆ ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕೆಂದು ತಯಾರಕರ ಸಲಹೆ. ಓವರ್‌ಹಾಲ್ ಎನ್ನುವುದು ಇದನ್ನೇ. ಅಷ್ಟು ಗಂಟೆ ಆಗದಿದ್ದರೂ ಹನ್ನೆರಡನೆಯ ವರ್ಷಕ್ಕೆ ಬಿಚ್ಚಬೇಕೆಂದು ಅವರೇ ಹೇಳುತ್ತಾರೆ. ಈ ಎರಡನೆಯ ಮಾತು ಹಲವರ ಕಿವಿಗೆ ಬೀಳುವುದಿಲ್ಲ. ಸ್ವಂತಕ್ಕೆ ಹಾರಿಸುವವನಿಗೆ ಇವೆರಡೂ ಕಾನೂನಿನ ಕಟ್ಟಲ್ಲ, ಹಿತವಚನ ಮಾತ್ರ. ನನ್ನನ್ನೂ ಸರ್ಕಾರ ಪಂಚಾಂಗ ನೋಡಿಯೇ ನಿವೃತ್ತಗೊಳಿಸಿತು, ನಾಡಿ ನೋಡಿ ಅಲ್ಲ. ಆದುದರಿಂದ ಈ ಅವಧಿಗಳ ಸ್ವರೂಪ ನನಗೆ ಬೇಗ ಅರ್ಥವಾಯಿತು.

ದುಡಿಮೆಗಿಂತ ಹೆಚ್ಚಾಗಿ ಈ ಎಂಜಿನ್ನನ್ನು ಕೆಡಿಸುವುದು ಸುಮ್ಮನೆ ಕುಳಿತಿರುವುದು. ಕವಾಟಗಳನ್ನು ಎತ್ತಿ ಇಳಿಸುವ ಕ್ಯಾಮ್ ದಂಡ ಇದರಲ್ಲಿ ಮೇಲ್ಭಾಗದಲ್ಲಿದೆ. ಎಂಜಿನ್ ನಿಂತು ತಿಂಗಳುಗಳಾದರೆ ತೈಲವೆಲ್ಲ ಕೆಳಗಿಳಿದು ದಂಡ ಒಣಗುತ್ತದೆ. ತೇವದ ಗಾಳಿ ಅದಕ್ಕೆ ತುಕ್ಕು ಹಿಡಿಸುತ್ತದೆ. ಮತ್ತೆ ಓಡಿಸಿದಾಗ ಆ ತುಕ್ಕಿನ ಜಾಗ ಕಿತ್ತು, ಕಬ್ಬಿಣದ ಚೂರು ತೈಲದೊಡನೆ ಒಳಗೆಲ್ಲ ಸುತ್ತುತ್ತದೆ. ಗಂಟೆ ಎಣಿಸುವ ಗಡಿಯಾರ ಈ ಅವಧಿಯಲ್ಲಿ ಒಂದು ಅಂಕಿಯೂ ಮುಂದೆ ಸರಿದಿರುವುದಿಲ್ಲ.

ಇನ್ನು ನನ್ನ ಕಾರಣ. ನನ್ನ ತಮ್ಮನ ಮಗ ಆರೆಗನ್ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾನೆ. ವಿಮಾನ ನಡೆಸಲು ಕಲಿತಿದ್ದಾನೆ. ಕೆಲವು ವರ್ಷಗಳ ಹಿಂದೆ ನಾನು ಅವನ ಮನೆಯಲ್ಲಿದ್ದಾಗ ಒಂದೇ ಮಾದರಿಯ ಎರಡು ವಿಮಾನಗಳು ಅವನ ಕಣ್ಣಿಗೆ ಬಿದ್ದಿದ್ದುವು. ಒಂದರ ಎಂಜಿನ್ ೧,೮೫೦ ಗಂಟೆ ಓಡಿತ್ತು. ಇನ್ನೊಂದರದು ೭೦೦ ಗಂಟೆ. ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. “ದೊಡ್ಡಪ್ಪ, ಎರಡನೆಯದು ಇನ್ನೂ ಹರೆಯದ ಎಂಜಿನ್ನು” ಎಂದ. ಅವನ ಹೆಂಡತಿ ಮಾತಾಡಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಕುಟುಂಬದ ಉಳಿತಾಯಕ್ಕಿಂತ ದೊಡ್ಡದೊಂದು ಅಲ್ಲಿ ಪಣಕ್ಕಿತ್ತೆಂದು ನನಗೆ ತಿಳಿಯಿತು.

ಎರಡರ ದಿನಚರಿ ಪುಸ್ತಕಗಳೂ ಮನೆಗೆ ಬಂದುವು. ಯಂತ್ರ ನನಗೆ ತಿಳಿಯದು. ಆದರೆ ಹಸ್ತಪ್ರತಿ ಓದಿ ಜೀವನ ಸವೆಸಿದವನು ನಾನು. ತಾಳೆಗರಿಯ ಕಟ್ಟಿನಲ್ಲಿ ನಡುವೆ ಗರಿ ಕಳೆದುಹೋಗಿದ್ದರೆ ಅದನ್ನು ಗ್ರಂಥಪಾತ ಎನ್ನುತ್ತೇವೆ. ೭೦೦ ಗಂಟೆಯ ಪುಸ್ತಕದಲ್ಲಿ ಅಂಥ ಗ್ರಂಥಪಾತವಿತ್ತು: ಮೂರು ವರ್ಷ ಹಾರಾಟವಿಲ್ಲ, ತೈಲ ಬದಲಿಸಿದ ನಮೂದೂ ಇಲ್ಲ. ೧,೮೫೦ ಗಂಟೆಯದರಲ್ಲಿ ಕಟ್ಟಿದ ಹಿರಿಯರ ಒಂದೇ ಕೈಬರಹ, ಐವತ್ತು ಗಂಟೆಗೊಮ್ಮೆ ತೈಲ ಬದಲಿಸಿ, ಸೋಸುಕವನ್ನು ಕತ್ತರಿಸಿ ಲೋಹದ ಚೂರುಗಳಿಗಾಗಿ ಹುಡುಕಿದ ಲೆಕ್ಕ. ಸಿಲಿಂಡರುಗಳಿಗೆ ಎಂಬತ್ತು ಪೌಂಡು ಒತ್ತಡದ ಗಾಳಿ ತುಂಬಿ ನೋಡಿದಾಗ ನಾಲ್ಕರಲ್ಲಿಯೂ ಎಪ್ಪತ್ತಕ್ಕೆ ಮೇಲೆ ನಿಂತಿತ್ತು. ಅರುವತ್ತಕ್ಕಿಂತ ಕೆಳಗಿಳಿದರೆ ಯೋಚಿಸಬೇಕಂತೆ.

ಹುಡುಗ ಎರಡನೆಯ ವಿಮಾನದ ಒಂದು ಸಿಲಿಂಡರನ್ನು ಬಿಚ್ಚಿಸಿ ಕ್ಯಾಮ್ ದಂಡವನ್ನು ನೋಡಬೇಕೆಂದ. ಮಾರುವವರು ಒಪ್ಪಲಿಲ್ಲ. ಅದೂ ತೀರ ಅನ್ಯಾಯವಲ್ಲ, ಬಿಚ್ಚುವುದರಲ್ಲಿಯೂ ಅಪಾಯವುಂಟು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕರಾವಳಿ ಕಾಯುವ ವಿಮಾನಗಳ ಲೆಕ್ಕ ತೆಗೆದ ವಿಜ್ಞಾನಿಗಳು, ನಿಯತ ತಪಾಸಣೆ ಮುಗಿದ ಕೂಡಲೇ ದೋಷಗಳು ಹೆಚ್ಚಿ ಅನಂತರ ಇಳಿಯುವುದನ್ನು ಕಂಡಿದ್ದರು. ಜೀವವಿಜ್ಞಾನಿ ವ್ಯಾಡಿಂಗ್ಟನ್ ೧೯೭೩ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಆದರೆ ಮಾರುವವರು ನೋಡಗೊಡದ್ದನ್ನು ನಂಬಿಕೆಯ ಮೇಲೆ ಕೊಳ್ಳುವ ಅಗತ್ಯ ನಮಗಿರಲಿಲ್ಲ.

ಹುಡುಗ ಹೆಚ್ಚು ದುಡಿದ ಎಂಜಿನ್ನಿನ ವಿಮಾನವನ್ನೇ ಕೊಂಡ. ಎಂಜಿನ್ ನಾಳೆಯೇ ಬಿಚ್ಚಬೇಕಾದುದೆಂದು ಭಾವಿಸಿ ಬೆಲೆ ಕಟ್ಟಿದ. ಉಳಿದ ಹಣವನ್ನು ಓವರ್‌ಹಾಲಿಗೆಂದು ಬೇರೆ ಇರಿಸಿದ. ಮೊದಲ ಕೆಲವು ಗಂಟೆ ಆ ಮಾದರಿಯನ್ನು ಬಲ್ಲ ಶಿಕ್ಷಕರೊಡನೆಯೇ ಹಾರಿದ. ಕಟ್ಟಿದ ಹಿರಿಯರನ್ನು ಎರಡು ದಿನ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಕೀಲಿಯ ಇತಿಹಾಸವನ್ನೂ ಕೇಳಿ ಬರೆದುಕೊಂಡ. ಎರಡು ವರ್ಷದ ಮೇಲೆ ಸೋಸುಕದಲ್ಲಿ ಲೋಹದ ಹೊಳಪು ಕಂಡಿತು. ಅಂದೇ ಹಾರಾಟ ನಿಲ್ಲಿಸಿ ಎಂಜಿನ್ ಬಿಚ್ಚಿಸಿದ; ಹಣ ಸಿದ್ಧವಾಗಿತ್ತು.

ಗಂಟೆಗಳು ಬೆಲೆ ಕಟ್ಟುವುದಕ್ಕೆ ಒದಗುತ್ತವೆ. ನಂಬಬಹುದೇ ಇಲ್ಲವೇ ಎಂಬುದನ್ನು ಮಾತ್ರ ದಾಖಲೆಯಿಂದ, ಪರೀಕ್ಷೆಯಿಂದ, ಕಟ್ಟಿದವನ ಬಾಯಿಂದ ತಿಳಿಯಬೇಕು. ಇವು ಮೂರೂ ದೊರೆಯದ ಕಡೆ ಎಷ್ಟೇ ಕಡಿಮೆ ಗಂಟೆಯ ಎಂಜಿನ್ ಇದ್ದರೂ ಹಣವನ್ನು ಜೇಬಿನಲ್ಲಿಯೇ ಉಳಿಸಿಕೊಂಡು ಹಿಂದಿರುಗುವುದು ಲೇಸು.