ಎರಡು ವಿಂಗಿಗೆ ಒಂದೇ ಟಾಂಕಿ ಸಾಕೇ?



ಆರೋಗ್ಯ, ಅಡುಗೆ, ಹೂಡಿಕೆ ಇವುಗಳ ಬಗ್ಗೆ ನಮ್ಮ ಸಭೆಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಸರ್ವರ್, ಸ್ಟೋರೇಜ್ ಅಂದರೆ ಎಷ್ಟು ಜನ ಎದ್ದು ಚಹಾಕ್ಕೆ ಹೋಗುತ್ತಾರೋ ಎಂಬ ಅಳುಕು ನನಗಿತ್ತು. ಆದರೆ ನಮ್ಮ ನಡುವೆಯೇ ಕೇಟರಿಂಗ್ ನಡೆಸುವವರಿದ್ದಾರೆ, ಸಿಎ ಆಫೀಸು ಇಟ್ಟವರಿದ್ದಾರೆ, ಮನೆಯವರ ಹೋಟೆಲಿನ ಲೆಕ್ಕ ನೋಡುವವರಿದ್ದಾರೆ. ಹಿಂದೆ ಕಪಾಟಿನಲ್ಲಿದ್ದ ಖಾತೆ ಪುಸ್ತಕ ಈಗ ಒಂದು ಡಿಸ್ಕಿನಲ್ಲಿದೆ. ಆ ಡಿಸ್ಕು ಯಾವುದಿರಬೇಕು ಅಂತ ತೀರ್ಮಾನಿಸುವವರು ಮಾತ್ರ ಸಾಮಾನ್ಯವಾಗಿ ಅದನ್ನು ಮಾರಲು ಬಂದವರು.

ನಮ್ಮ ಪರಿಚಯದ ಒಬ್ಬ ಅಕ್ಕ ಅಂಧೇರಿ ಪೂರ್ವದ ಒಂದು ಗಾಲಾದಲ್ಲಿ ಶಾಲಾ ಸಮವಸ್ತ್ರ ಹೊಲಿಸುತ್ತಾರೆ. ಇಪ್ಪತ್ತೆರಡು ಜನ ಕೆಲಸಕ್ಕಿದ್ದಾರೆ. ಶಾಲೆ ತೆರೆಯುವುದು ಜೂನ್ ಮಧ್ಯದಲ್ಲಿ, ಮಳೆ ಸುರುವಾಗುವುದೂ ಆಗಲೇ. ವರ್ಷದ ಗಳಿಕೆಯೆಲ್ಲ ಆ ಐದಾರು ವಾರಗಳಲ್ಲಿ. ಯಾವ ಶಾಲೆಗೆ ಯಾವ ಅಳತೆಯ ಎಷ್ಟು ಜೋಡಿ ಎಂಬ ಪಟ್ಟಿ ಎರಡು ದಿನ ಸಿಗದಿದ್ದರೆ ಕತ್ತರಿ ಓಡುವುದಿಲ್ಲ, ದಿನಗೂಲಿಯವರಿಗೆ ಸಂಬಳವಿಲ್ಲ. ಹಳೆಯ ಸರ್ವರ್ ಬದಲಿಸಿ ಎರಡು ಹೊಸದನ್ನು ತೆಗೆದುಕೊಳ್ಳುವುದು, ಅವುಗಳಲ್ಲಿ ಬಿಲ್ಲಿಂಗ್, ಟ್ಯಾಲಿ, ಫೈಲುಗಳಿಗೆ ಒಂದೊಂದು ವರ್ಚುವಲ್ ಯಂತ್ರ ಮಾಡುವುದು, ಇಷ್ಟು ನಿರ್ಧಾರವಾಗಿತ್ತು. ಆಗ ಮಾರಾಟಗಾರರು, ಎರಡಕ್ಕೂ ಸೇರಿ ಒಂದು ಶೇರ್ಡ್ ಸ್ಟೋರೇಜ್ ಪೆಟ್ಟಿಗೆ ಬೇಕೇ ಬೇಕು ಎಂದರು. ಅದರ ಬೆಲೆ ಎರಡು ಸರ್ವರುಗಳ ಬೆಲೆಗಿಂತ ಜಾಸ್ತಿ. ಅಕ್ಕ ಪ್ರಶ್ನೆ ಕೇಳಿದಾಗ, "ಸಾಹೇಬರು ಇದ್ದಾಗ ಬರ್ತೇವೆ" ಎಂದು ಹೊರಟರಂತೆ. ಗಾಲಾದ ಚೆಕ್ಕಿಗೆ ಸಹಿ ಹಾಕುವವರು ಇವರೇ ಎಂದು ಅವರಿಗೆ ಹೊಳೆಯಲಿಲ್ಲ.

ಪೆಟ್ಟಿಗೆ ಮಾಡುವ ಕೆಲಸ ಏನು? ನಮ್ಮ ಸೊಸೈಟಿಯ ಟೆರೇಸಿನ ಟಾಂಕಿಯನ್ನೇ ನೆನೆಯಿರಿ. ಎ ವಿಂಗ್, ಬಿ ವಿಂಗ್ ಎರಡಕ್ಕೂ ನೀರು ಅಲ್ಲಿಂದ. ಹಾಗೆಯೇ ಎರಡೂ ಸರ್ವರುಗಳ ಡೇಟಾ ಒಂದೇ ಪೆಟ್ಟಿಗೆಯಲ್ಲಿದ್ದರೆ, ಒಂದು ಸರ್ವರ್ ಕೆಟ್ಟರೂ ಅದರ ವರ್ಚುವಲ್ ಯಂತ್ರಗಳು ಕೆಲವೇ ನಿಮಿಷಗಳಲ್ಲಿ ಇನ್ನೊಂದರಲ್ಲಿ ಎದ್ದೇಳುತ್ತವೆ. ಒಳ್ಳೆಯದೇ. ಆದರೆ ಟಾಂಕಿಯೇ ಒಡೆದರೆ? ಎರಡೂ ವಿಂಗಿಗೆ ನೀರಿಲ್ಲ. ಎರಡು ಕಂಟ್ರೋಲರ್, ಎರಡು ಪವರ್ ಸಪ್ಲೈ ಇರುವ ದುಬಾರಿ ಪೆಟ್ಟಿಗೆ ಈ ಅಪಾಯವನ್ನು ತುಂಬ ಕಡಿಮೆ ಮಾಡುತ್ತದೆ, ಅದಕ್ಕೇ ದುಬಾರಿ. ಅಗ್ಗದ ನ್ಯಾಸ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಮದರ್‌ಬೋರ್ಡ್. ಎರಡು ಒಳ್ಳೆಯ ಸರ್ವರುಗಳನ್ನು ಅದಕ್ಕೆ ನೇತುಹಾಕುವುದೆಂದರೆ ಭದ್ರತೆಗಾಗಿ ದುಡ್ಡು ಕೊಟ್ಟು ಅಪಾಯ ಕೊಂಡಂತೆ.

ಹಾಗಾಗಿ ಪೆಟ್ಟಿಗೆಯ ಬ್ರ್ಯಾಂಡ್ ನೋಡುವ ಮೊದಲು ಎರಡು ವಿಷಯ ಕೇಳಿಕೊಳ್ಳಬೇಕು. ಎಷ್ಟು ಹೊತ್ತು ಕೆಲಸ ನಿಂತರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತಿನ ಎಂಟ್ರಿ ಕಳೆದರೆ ಮತ್ತೆ ಕೂತು ಬರೆಯಬಹುದು? ಅಕ್ಕ ಯೋಚಿಸಿ ಕೊಟ್ಟ ಉತ್ತರ: ಒಂದು ತಾಸು ನಿಲ್ಲಬಹುದು, ಹದಿನೈದು ನಿಮಿಷದ ಎಂಟ್ರಿ ಕಾಗದದ ಚಲನ್ ನೋಡಿ ಮತ್ತೆ ಹಾಕಬಹುದು. ಈ ಉತ್ತರ ಬಂದ ಮೇಲೆ ದೊಡ್ಡ ಪೆಟ್ಟಿಗೆಯ ಅಗತ್ಯವೇ ಉಳಿಯಲಿಲ್ಲ. ಪ್ರತಿ ಸರ್ವರಿನೊಳಗೇ ಎಸ್‌ಎಸ್‌ಡಿ ಹಾಕಿ, ಒಂದರ ನಕಲನ್ನು ಇನ್ನೊಂದಕ್ಕೆ ಕಳಿಸುತ್ತಿದ್ದರೆ ಸಾಕು. ವಿಂಡೋಸ್ ಸರ್ವರಿನ ಹೈಪರ್-ವಿ ರೆಪ್ಲಿಕಾ ಇದನ್ನು 30 ಸೆಕೆಂಡು, 5 ನಿಮಿಷ ಅಥವಾ 15 ನಿಮಿಷಕ್ಕೊಮ್ಮೆ ಮಾಡುತ್ತದೆ. ಪ್ರಾಕ್ಸ್‌ಮಾಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲೂ ಇಂಥದೇ ವ್ಯವಸ್ಥೆ ಇದೆ. ಸರ್ವರ್ ಸತ್ತಾಗ ನಕಲನ್ನು ಎಬ್ಬಿಸಲು ಒಬ್ಬರು ಗುಂಡಿ ಒತ್ತಬೇಕು, ಅಷ್ಟೇ ಕೊರತೆ. ವಿಂಡೋಸ್ ಲೈಸೆನ್ಸಿನ ಲೆಕ್ಕವನ್ನು ಎರಡೂ ಸರ್ವರಿಗೆ ಬೇರೆಯಾಗಿ ಹಾಕಿಸಿ. 2023ರಲ್ಲಿ ವಿಎಂವೇರ್ ಕಂಪೆನಿ ಬ್ರಾಡ್‌ಕಾಮ್ ಕೈಸೇರಿದ ಮೇಲೆ ಅದರ ಒಮ್ಮೆ ಕೊಳ್ಳುವ ಲೈಸೆನ್ಸ್ ಹೋಗಿ ಚಂದಾ ಪದ್ಧತಿ ಬಂತು. ಹಳೆಯ ಕೊಟೇಶನ್ ನೋಡಿ ಬಜೆಟ್ ಮಾಡಿದವರು ಅದನ್ನು ಗಮನಿಸಬೇಕು.

ಒಂದು ನಿಮಿಷವೂ ನಿಲ್ಲಬಾರದು ಎನ್ನುವ ಆಸ್ಪತ್ರೆಯಂಥ ಜಾಗವಾದರೆ ನಾನೇ ಎರಡು ಕಂಟ್ರೋಲರಿನ ಪೆಟ್ಟಿಗೆ ತನ್ನಿ ಎನ್ನುತ್ತೇನೆ. ಸರ್ವರುಗಳು ಎರಡೇ ಆದರೆ ಅದನ್ನು ಎಸ್‌ಎಎಸ್ ಕೇಬಲಿನಲ್ಲಿ ನೇರ ಜೋಡಿಸಬಹುದು, ನಡುವೆ ನೆಟ್‌ವರ್ಕ್ ಸ್ವಿಚ್ಚಿನ ಖರ್ಚಿಲ್ಲ, ಅದು ಕೆಡುವ ಭಯವೂ ಇಲ್ಲ.

ಡಿಸ್ಕಿನ ವಿಷಯದಲ್ಲಿ ಎಲ್ಲರೂ ಕೇಳುವುದು ಎಷ್ಟು ಟಿಬಿ ಅಂತ. ಪಾತ್ರೆಯ ಗಾತ್ರಕ್ಕಿಂತ ನಲ್ಲಿಯ ಬಾಯಿ ಮುಖ್ಯ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಅಲ್ಲಿಷ್ಟು ಇಲ್ಲಿಷ್ಟು ಚದುರಿದ ಓದು-ಬರಹವನ್ನು ಸೆಕೆಂಡಿಗೆ ಸುಮಾರು ನೂರರಷ್ಟು ಮಾತ್ರ ಮಾಡಬಲ್ಲದು. ಎಸ್‌ಎಸ್‌ಡಿ ಸಾವಿರಗಟ್ಟಲೆ ಮಾಡುತ್ತದೆ. ನಾಲ್ಕು ವರ್ಚುವಲ್ ಯಂತ್ರಗಳು ಬೆಳಿಗ್ಗೆ ಹತ್ತಕ್ಕೆ ಒಟ್ಟಿಗೆ ಎದ್ದಾಗ ಈ ವ್ಯತ್ಯಾಸ ಗೊತ್ತಾಗುವುದು. ಇನ್ನು ರೇಡ್. 8 ಟಿಬಿಯ ನಾಲ್ಕು ಡಿಸ್ಕುಗಳನ್ನು ರೇಡ್ 5ರಲ್ಲಿ ಇಟ್ಟರೆ 24 ಟಿಬಿ ಸಿಗುತ್ತದೆ, ಲಾಭವೆನಿಸುತ್ತದೆ. ಆದರೆ ಒಂದು ಕೆಟ್ಟಾಗ ಉಳಿದ ಮೂರನ್ನೂ ಪೂರ್ತಿ ಓದಿಯೇ ಹೊಸದನ್ನು ತುಂಬಬೇಕು. ಅದು ತಾಸುಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುತ್ತದೆ, ಅಷ್ಟರಲ್ಲಿ ಇನ್ನೊಂದು ಹೋದರೆ ಎಲ್ಲ ಹೋಯಿತು. ರೇಡ್ 10ರಲ್ಲಿ 16 ಟಿಬಿಯೇ ಸಿಗುವುದು, ಆದರೆ ಜೋಡಿಯ ಒಂದನ್ನು ಓದಿ ಇನ್ನೊಂದನ್ನು ತುಂಬಿದರೆ ಕೆಲಸ ಮುಗಿಯಿತು. ವರ್ಚುವಲ್ ಯಂತ್ರಗಳಿಗೆ ನನ್ನ ಮತ ಇದಕ್ಕೇ.

ಮುಂಬಯಿಯವರಿಗೆ ಬೇರೆಯೇ ಲೆಕ್ಕವಿದೆ. 2005ರ ಜುಲೈ 26ರ ಮಳೆಯನ್ನು ಇಲ್ಲಿ ಮರೆತವರಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್. ನೆಲಮಹಡಿಯ ಗಾಲಾದಲ್ಲಿ ಸರ್ವರನ್ನು ಮೇಜಿನ ಕೆಳಗೆ ಇಟ್ಟರೆ ಯಾವ ರೇಡೂ ಕಾಯುವುದಿಲ್ಲ. ಅಕ್ಕ ಗೋಡೆಗೆ ಎದೆಯೆತ್ತರದಲ್ಲಿ ರ್‍ಯಾಕ್ ಹೊಡೆಸಿದರು. ಕರೆಂಟ್ ಇಲ್ಲಿ ಹೋಗುವುದೇ ಇಲ್ಲ ಎನ್ನುವವರಿಗೆ 2020ರ ಅಕ್ಟೋಬರ್ 12 ನೆನಪಿರಲಿ. ಅಂದು ಬೆಳಿಗ್ಗೆ ಗ್ರಿಡ್ ಕೈಕೊಟ್ಟು ಲೋಕಲ್ ಟ್ರೇನುಗಳೇ ನಿಂತವು. ಯುಪಿಎಸ್ ಬೇಕು, ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನೇ ಸರಿಯಾಗಿ ಮುಚ್ಚಿಕೊಳ್ಳುವಂತೆ ಜೋಡಿಸಿರಲೂ ಬೇಕು.

ನಕಲು ಮತ್ತು ಬ್ಯಾಕಪ್ ಒಂದೇ ಅಲ್ಲ. ಯಾರೋ ಫೈಲ್ ಅಳಿಸಿದರೆ, ರ್‍ಯಾನ್ಸಮ್‌ವೇರ್ ಬೀಗ ಹಾಕಿದರೆ, ಹದಿನೈದು ನಿಮಿಷದಲ್ಲಿ ಆ ಅನಾಹುತದ್ದೇ ನಕಲಾಗುತ್ತದೆ. ಪೆಟ್ಟಿಗೆಯಲ್ಲಿ ಉಳಿದ ದುಡ್ಡಿನಲ್ಲಿ ಒಂದು ಸಣ್ಣ ನ್ಯಾಸ್ ಕೊಂಡು ರಾತ್ರಿಯ ಬ್ಯಾಕಪ್‌ಗೆ ಇಟ್ಟೆವು. ಅದನ್ನು ಇಂಟರ್‌ನೆಟ್ಟಿಗೆ ನೇರ ತೆರೆದಿಡಬೇಡಿ. ಜೊತೆಗೆ ಎರಡು ಯುಎಸ್‌ಬಿ ಡಿಸ್ಕುಗಳು. ವಾರಕ್ಕೊಂದು ಸರದಿಯಂತೆ ಅಕ್ಕನ ಡೊಂಬಿವಲಿಯ ಮನೆಯ ಗೋದ್ರೆಜ್ ಕಪಾಟಿಗೆ, ಸೀರೆಗಳ ಪಕ್ಕಕ್ಕೆ. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರು ಇನ್ನೊಂದು ನೋಡಿಕೊಳ್ಳಿ: ಕಂಪ್ಯೂಟರಿನಲ್ಲಿ ಇಡುವ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನ ಭಾರತದೊಳಗಿನ ಸರ್ವರಿನಲ್ಲಿ ಇರಬೇಕೆಂದು 2022ರಿಂದ ನಿಯಮವಿದೆ.

ಎಲ್ಲ ಜೋಡಿಸಿದ ಮೇಲೆ ಮೇ ತಿಂಗಳ ಒಂದು ಭಾನುವಾರ, ಸೀಸನ್ನಿಗೆ ಮೊದಲೇ, ಒಂದು ಸರ್ವರಿನ ಪ್ಲಗ್ಗನ್ನು ಬೇಕೆಂದೇ ಕಿತ್ತೆವು. ನಾನು ಕೈ ಕಟ್ಟಿ ನಿಂತಿದ್ದೆ. ಅಕ್ಕ ತಾವೇ ಬರೆದಿಟ್ಟ ಚೀಟಿ ನೋಡಿಕೊಂಡು ಇನ್ನೊಂದರಲ್ಲಿ ನಕಲುಗಳನ್ನು ಎಬ್ಬಿಸಿದರು, ಬಿಲ್ಲಿಂಗ್ ತೆರೆದು ಶನಿವಾರದ ಕೊನೆಯ ಚಲನ್ ಇದೆಯೇ ನೋಡಿದರು. ಇತ್ತು. ಹಿಡಿದ ಸಮಯ ಇಪ್ಪತ್ತು ನಿಮಿಷ. ಆ ಚೀಟಿ ಈಗ ರ್‍ಯಾಕಿನ ಬಾಗಿಲ ಒಳಬದಿಗೆ ಅಂಟಿಸಿದೆ, ಕೆಳಗೆ ಅದೇ ಸೂಚನೆ ಅವರ ಸುಪರ್‌ವೈಸರಿಗಾಗಿ ಹಿಂದಿಯಲ್ಲೂ ಇದೆ.

ಕೊಟೇಶನ್ ಕೈಯಲ್ಲಿ ಹಿಡಿದು ಬಂದವರು ಇಲ್ಲಿ ಇಬ್ಬರು ಕಾಣುತ್ತಿದ್ದಾರೆ. ಬನ್ನಿ, ಚಹಾ ಕುಡಿಯುತ್ತ ನೋಡೋಣ.