ಅಟ್ಟದ ಮೇಲಿನ ಆ ಮರದ ಕ್ಯಾಮೆರಾ ಯಾವುದು?

ಇವತ್ತಿನ ವಿಷಯ ಸ್ವಲ್ಪ ಹಳತು. ಮೂರು ಕಾಲಿನ ಸ್ಟ್ಯಾಂಡು, ಕಪ್ಪು ಬಟ್ಟೆ, ಮರದ ಪೆಟ್ಟಿಗೆ. ಹೌದು, ಅಜ್ಜ-ಅಜ್ಜಿಯ ಫೋಟೊ ತೆಗೆದಂಥ ಕ್ಯಾಮೆರಾ.

ಹಳೆ ಸ್ಟುಡಿಯೋ ಮುಚ್ಚುವಾಗ ಇವು ಹೊರಗೆ ಬರ್ತವೆ. ಒಂದೋ ಗುಜರಿಗೆ, ಇಲ್ಲ ಹೋಮ್‌ಸ್ಟೇ ಶೋಕೇಸಿಗೆ. ಕೊಳ್ಳಲಿಕ್ಕೆ ಬಂದವರು 'ಇದೇನು, ಬರೀ ಕಟ್ಟಿಗೆ' ಅಂತಾರೆ. ಅದೇ ಪೀಸನ್ನು ಮಾರುವಾಗ 'ಒರಿಜಿನಲ್ ಬ್ರಿಟಿಷ್' ಅಂತಾರೆ. ನಾನು ಓದಿದ್ದು ಬಿಕಾಂ, ರೇಟು ನನಗೂ ಮುಖ್ಯ. ಆದ್ರೆ ಮಾಲು ಯಾವುದಂತ ಗೊತ್ತಿಲ್ಲದೆ ರೇಟು ಕಟ್ಟುವುದು ಹೇಗೆ ಮಾರಾಯ್ರೆ?

ಎಲ್ಲರೂ ಮೊದಲು ಹುಡುಕುವುದು ಹೆಸರಿನ ಹಿತ್ತಾಳೆ ಪಟ್ಟಿ. ಅದನ್ನು ಕೊನೆಗೆ ನೋಡಿ. ಆಗ ಎಷ್ಟೋ ಅಂಗಡಿಯವರು ಬೇರೆಯವರು ಮಾಡಿದ ಕ್ಯಾಮೆರಾಕ್ಕೆ ತಮ್ಮ ಹೆಸರು ಹಾಕಿ ಮಾರುತ್ತಿದ್ದರು. ಲೆನ್ಸಿನ ಮೇಲಿನ ಹೆಸರು ಲೆನ್ಸಿನದ್ದು ಮಾತ್ರ. ಅದನ್ನು ಬಿಚ್ಚಿ ಬೇರೆ ಹಾಕಬಹುದು.

ಹಾಗಾದ್ರೆ ಮೊದಲು ಏನು ನೋಡುವುದು? ಯಾವ ತುದಿ ಸರಿಯುತ್ತದೆ ಅಂತ. ಲೆನ್ಸ್ ಇರುವ ಮುಂಭಾಗ ಗಟ್ಟಿಯಾಗಿ ನಿಂತು, ಮಸುಕು ಗಾಜಿನ ಹಿಂಭಾಗ ಹಿಂದಕ್ಕೆ ಸರಿದರೆ ಅದು ಟೇಲ್‌ಬೋರ್ಡ್. ಅದರ ತಿದಿ, ಅಂದ್ರೆ ಬೆಲ್ಲೋಸ್, ಸಾಮಾನ್ಯವಾಗಿ ಚೌಕ. ಮುಂಭಾಗ ಹಳಿಯ ಮೇಲೆ ಮುಂದಕ್ಕೆ ಹೋಗಿ, ತಿದಿ ಲೆನ್ಸಿನ ಕಡೆ ಸಪೂರ ಆದರೆ ಫೀಲ್ಡ್ ಕ್ಯಾಮೆರಾ, ಹೊತ್ತುಕೊಂಡು ಹೋಗಲಿಕ್ಕೆ ಮಾಡಿದ್ದು. ಹಲಗೆಯ ಅಡಿಯಲ್ಲಿ ದೊಡ್ಡ ಹಿತ್ತಾಳೆ ಬಳೆ ಇದ್ದರೆ, ಸ್ಟ್ಯಾಂಡಿನ ಕಾಲುಗಳನ್ನು ನೇರ ಅದಕ್ಕೇ ಸಿಕ್ಕಿಸುತ್ತಿದ್ದರು. ಇದು ಹಳೆ ಬ್ರಿಟಿಷ್ ಮಾದರಿಯ ಗುರುತು.

ಇನ್ನು ಮುಂಭಾಗದ ಹಲಗೆ ಮೇಲೆ ಕೆಳಗೆ ಜಾರುತ್ತದಾ ನೋಡಿ. ಕಾರ್ಕಳದ ಗೊಮ್ಮಟ 42 ಅಡಿ. ಮೊಬೈಲನ್ನು ಮೇಲಕ್ಕೆ ವಾಲಿಸಿ ತೆಗೆದರೆ ತಲೆ ಸಣ್ಣ, ಕಾಲು ದೊಡ್ಡ. 1901ರ ಕಾಪು ದೀಪಸ್ತಂಭದ್ದೂ ಅದೇ ಕತೆ. ಮರದ ಕ್ಯಾಮೆರಾದಲ್ಲಿ ಪೆಟ್ಟಿಗೆಯನ್ನು ನೇರ ಇಟ್ಟು ಲೆನ್ಸನ್ನಷ್ಟೇ ಮೇಲೆತ್ತಬಹುದು, ಗೆರೆಗಳು ವಾಲುವುದಿಲ್ಲ. ಫ್ರೆಡರಿಕ್ ಸ್ಯಾಂಡರ್ಸನ್ ಎಂಬ ಇಂಗ್ಲೆಂಡಿನ ಮರಗೆಲಸದವರು ಕಟ್ಟಡಗಳ ಫೋಟೊ ಹುಚ್ಚಿಗೇ 1895ರಲ್ಲಿ ಇದಕ್ಕೊಂದು ಪೇಟೆಂಟ್ ಪಡೆದರು. ಮುಂಭಾಗದ ಎರಡೂ ಬದಿ ಉದ್ದಕ್ಕೆ ಸೀಳಿರುವ ಹಿತ್ತಾಳೆ ಪಟ್ಟಿಗಳಿದ್ದರೆ ಆ ಜಾತಿಯದ್ದಿರಬಹುದು.

ಗಾಜನ್ನು ಟೇಪಿಟ್ಟು ಅಳೆಯಿರಿ. 4¾ × 6½ ಇಂಚಿನ ಹತ್ತಿರ ಬಂದರೆ ಹಾಫ್ ಪ್ಲೇಟ್, 6½ × 8½ ಆದರೆ ಫುಲ್ ಪ್ಲೇಟ್.

ಈಗ ನನಗೆ ತುಂಬ ಇಷ್ಟದ ಭಾಗ. ನಿಮ್ಮದು 'ಬ್ರಿಟಿಷ್' ಅಲ್ಲದೆ ಕೇರಳದ ಅಲಪ್ಪುಳದ್ದೂ ಆಗಿರಬಹುದು! 1940ರ ದಶಕದಲ್ಲಿ ಕೆ. ಕರುಣಾಕರನ್ ಅಲ್ಲಿ 'ವಾಗೀಶ್ವರಿ' ಕ್ಯಾಮೆರಾ ಮಾಡಲು ಶುರುಮಾಡಿದರು. ಸಾಗುವಾನಿ ಮರ, ಹಿತ್ತಾಳೆ, ವಿದೇಶದ ಲೆನ್ಸ್. ಅವರದ್ದು ಸಂಗೀತ ವಾದ್ಯಗಳ ಕೆಲಸದ ಮನೆ. ಹಾರ್ಮೋನಿಯಂ ತಿದಿ ಗೊತ್ತಿದ್ದವರಿಗೆ ಕ್ಯಾಮೆರಾದ ತಿದಿ ದೂರವಾ? ಅಂಥದ್ದು ಸಿಕ್ಕರೆ 'ಓ, ಲೋಕಲ್ಲಾ' ಅಂತ ಮೂಗು ಮುರಿಯಬೇಡಿ. ನನ್ನ ಲೆಕ್ಕದಲ್ಲಿ ಹತ್ತು ಇಂಗ್ಲಿಷ್ ಪೀಸಿಗಿಂತ ಅದು ದೊಡ್ಡದು.

ಶೋಪೀಸುಗಳೂ ಉಂಟು, ಎಚ್ಚರ. ಹಿತ್ತಾಳೆ ಫಳಫಳ, ಮರಕ್ಕೆ ಹೊಸ ಪಾಲಿಶ್, ಆದ್ರೆ ಹಿಂದೆ ಮಸುಕು ಗಾಜೂ ಇಲ್ಲ, ಪ್ಲೇಟ್ ಹಾಕುವ ಜಾಗವೂ ಇಲ್ಲ. ಅದು ಮೇಜಿನ ಮೇಲೆ ಇಡಲಿಕ್ಕೆ ಮಾಡಿದ ಬೊಂಬೆ.

ವಿಜಯನಾಥ ಶೆಣೈಯವರು ಹಳೆ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪದಲ್ಲಿ ಮತ್ತೆ ನಿಲ್ಲಿಸಿದರು. ನಮಗೆ ಅಷ್ಟು ಕಷ್ಟ ಇಲ್ಲ. ಮರವನ್ನು ಉಜ್ಜಬೇಡಿ, ವಾರ್ನಿಶ್ ಹೊಡೆಯಬೇಡಿ. ಪ್ಲೇಟ್ ಇಡುವ ಚಪ್ಪಟೆ ಮರದ ಚೌಕಟ್ಟುಗಳನ್ನು ಕ್ಯಾಮೆರಾದಿಂದ ಬೇರೆ ಮಾಡಿ ಮಾರಬೇಡಿ. ಆ ಕ್ಯಾಮೆರಾಕ್ಕೇ ಹೊಂದಿಸಿ ಮಾಡಿದ್ದು ಅವು, ಬೇರೆಯದ್ದು ಕೂರುವುದಿಲ್ಲ. ಜೊತೆಗೆ ಗಾಜಿನ ನೆಗೆಟಿವ್ ಡಬ್ಬ ಸಿಕ್ಕರೆ ದಯವಿಟ್ಟು ತೊಳೆಯಬೇಡಿ. ಅದರಲ್ಲಿ ಯಾರದ್ದೋ ಮುಖ ಉಂಟು. ಈ ವಾರ ಅಟ್ಟ ಹತ್ತಿದವರು ಮುಂದೆ, ಹಿಂದೆ, ಅಡಿಯಿಂದ ಒಂದೊಂದು ಫೋಟೊ ತೆಗೆದು ಕಳಿಸಿ, ಒಟ್ಟಿಗೆ ನೋಡುವ.